ನಮ್ಮ ಸಂಘದ ಕೆಂಪು ರಿಜಿಸ್ಟರ್

1994ರಲ್ಲಿ ಕೆಲಸಕ್ಕೆ ಸೇರಿದಾಗ ನಾನು ಮೊದಲು ಬಾಯಿಪಾಠ ಮಾಡಿಕೊಂಡಿದ್ದು ಹುಬ್ಬಳ್ಳಿ ಬಸ್ಸುಗಳ ಟೈಮಿಂಗ್. ಕ್ಯಾಟಲಾಗು, ಕ್ಲಾಸಿಫಿಕೇಶನ್ ಎಲ್ಲ ಆಮೇಲೆ. ಮಧ್ಯ ಕರ್ನಾಟಕದ ಒಂದು ಖಾಸಗಿ ವೈದ್ಯಕೀಯ ಕಾಲೇಜಿನ ಲೈಬ್ರರಿ ನಮ್ಮದು. ಡಾಕ್ಟರೊಬ್ಬರಿಗೆ ಯಾವುದೋ ಜರ್ನಲ್‌ನ ಆರು ಪುಟ ಬೇಕು, ನಮ್ಮಲ್ಲಿ ಅದು ಇಲ್ಲ, ಹುಬ್ಬಳ್ಳಿಯಲ್ಲಿ ಇದೆ ಅಂದರೆ ಅಲ್ಲಿನ ಲೈಬ್ರರಿಗೆ ಫೋನ್ ಮಾಡುವುದು. ಅವರು ಜೆರಾಕ್ಸ್ ಮಾಡಿಸಿ, ಕವರಿಗೆ ಹಾಕಿ, ದಾವಣಗೆರೆ ಕಡೆ ಹೊರಟ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ಬಸ್ ನಂಬರನ್ನು ಮತ್ತೊಂದು ಫೋನಲ್ಲಿ ಹೇಳುತ್ತಿದ್ದರು. ನಮ್ಮ ಅಟೆಂಡರ್ ಸೈಕಲ್ ಹತ್ತಿ ಬಸ್ ಸ್ಟ್ಯಾಂಡಿಗೆ ಹೋಗಿ ಕಾಯಬೇಕು. ಕಂಡಕ್ಟರಿಗೆ ಟೀ ಕಾಸು ನಮ್ಮ ಕಡೆಯಿಂದ.

ಒಂದು ಸಲ ಕಂಡಕ್ಟರ್ ಕೊಡುವುದು ಮರೆತು, ಕವರು ಚಿತ್ರದುರ್ಗ ದಾಟಿ ಬೆಂಗಳೂರಿಗೇ ಹೋಗಿ, ಮರುದಿನ ಅದೇ ಬಸ್ಸಲ್ಲಿ ವಾಪಸ್ ಬಂತು. ಕೇಳಿದ್ದ ಡಾಕ್ಟರು, ‘ಪರವಾಗಿಲ್ಲ ಮೇಡಂ, ಪೇಷಂಟ್ ಇನ್ನೂ ಅಡ್ಮಿಟ್ ಇದ್ದಾರೆ’ ಅಂದರು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬಂದಿರಲಿಲ್ಲ.

ಈ ಕೊಡುಕೊಳ್ಳುವಿಕೆಗೆ ಲೆಕ್ಕ ಇಡಲು ಒಂದು ಕೆಂಪು ರಟ್ಟಿನ ರಿಜಿಸ್ಟರ್ ಇತ್ತು. ಯಾರು ಕೇಳಿದ್ದು, ಯಾವ ಪೇಪರ್, ಯಾರು ಕಳಿಸಿದ್ದು, ತಲುಪಿದ ದಿನ ಅಂತ ನಾಲ್ಕು ಕಾಲಂ. ನಮ್ಮ ಭಾಗದ ವೈದ್ಯಕೀಯ ಗ್ರಂಥಪಾಲಕರ ಸಂಘ ಅಂದರೆ ಆಗ ಈ ರಿಜಿಸ್ಟರೇ. ಉಳಿದಿದ್ದೆಲ್ಲ ಶಾಸ್ತ್ರಕ್ಕೆ. ಆಗಸ್ಟ್ 12ಕ್ಕೆ ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ ಅವರ ಫೋಟೋಗೆ ಹಾರ ಹಾಕುವುದು, ಒಂದು ಭಾಷಣ ಕೇಳುವುದು, ಉಪ್ಪಿಟ್ಟು ಕೇಸರಿಬಾತ್ ತಿಂದು ಮನೆಗೆ ಹೋಗುವುದು.

ರಿಜಿಸ್ಟರಿನ ಜೊತೆಗೆ ಇನ್ನೊಂದು ಇತ್ತು, ಜಂಟಿ ಪಟ್ಟಿ. ಯಾವ ಕಾಲೇಜಲ್ಲಿ ಯಾವ ಜರ್ನಲ್, ಯಾವ ವರ್ಷದಿಂದ ಯಾವ ವರ್ಷದವರೆಗೆ ಇದೆ ಅನ್ನುವುದನ್ನು ಸೈಕ್ಲೋಸ್ಟೈಲ್ ಮಾಡಿ ಎಲ್ಲರಿಗೂ ಹಂಚಿದ್ದೆವು. ‘1987ರಿಂದ 1991, ನಡುವೆ 1989 ಇಲ್ಲ’ ಅನ್ನುವಂಥ ಟಿಪ್ಪಣಿಗಳೇ ಅದರ ಜೀವ. ಇದನ್ನು ಶುರು ಮಾಡಿದವರು ನನ್ನ ಹಿಂದಿನ ತಲೆಮಾರಿನವರು. 1991ರಲ್ಲಿ ರೂಪಾಯಿ ಬೆಲೆ ಇಳಿಸಿದ ಮೇಲೆ ವಿದೇಶಿ ಜರ್ನಲ್‌ಗಳ ಬಿಲ್ಲು ನೋಡಿ ಆಡಳಿತ ಮಂಡಳಿಗಳು ಬೆಚ್ಚಿಬಿದ್ದಿದ್ದವು. ಎಲ್ಲ ಕಾಲೇಜೂ ಕತ್ತರಿ ಹಿಡಿದು ಕೂತವು. ಆಗ ನಮ್ಮ ಹಿರಿಯರು ಒಂದು ಬುದ್ಧಿವಂತಿಕೆ ಮಾಡಿದರು. ಎಲ್ಲರೂ ಒಂದೇ ಜರ್ನಲ್ ನಿಲ್ಲಿಸುವುದು ಬೇಡ, ನೀವು ಎದೆರೋಗದ್ದು ಉಳಿಸಿಕೊಳ್ಳಿ, ನಾವು ಚರ್ಮರೋಗದ್ದು ಉಳಿಸಿಕೊಳ್ಳುತ್ತೇವೆ ಅಂತ ಕೂತು ಹಂಚಿಕೊಂಡರು. ಆಡಳಿತ ಮಂಡಳಿಗಳಿಗೆ ಇದು ಗೊತ್ತೇ ಇರಲಿಲ್ಲ. ಗೊತ್ತಾಗಿದ್ದರೆ ‘ಪಕ್ಕದ ಕಾಲೇಜಿಗೆ ನಾವ್ಯಾಕೆ ತರಿಸಿಕೊಡಬೇಕು’ ಅಂತ ಖಂಡಿತ ಕೇಳುತ್ತಿದ್ದರು.

ಇದು ನಮ್ಮೂರಿನ ಜಿಪುಣತನದಿಂದ ಹುಟ್ಟಿದ ಉಪಾಯ ಅಂತ ನಾನು ತುಂಬ ದಿನ ಅಂದುಕೊಂಡಿದ್ದೆ. ಆಮೇಲೆ ಓದಿದಾಗ ಗೊತ್ತಾಯಿತು, ಅಮೆರಿಕದ ಮೆಡಿಕಲ್ ಲೈಬ್ರರಿ ಅಸೋಸಿಯೇಷನ್ ಹುಟ್ಟಿದ್ದೂ ಹೀಗೆಯೇ. 1898ರಲ್ಲಿ ಫಿಲಡೆಲ್ಫಿಯಾದಲ್ಲಿ ನಾಲ್ಕು ಜನ ಗ್ರಂಥಪಾಲಕರು, ನಾಲ್ಕು ಜನ ಡಾಕ್ಟರು ಸೇರಿ ಕಟ್ಟಿದ ಸಂಘ ಅದು. ಒಬ್ಬರ ಹತ್ತಿರ ಎರಡೆರಡು ಪ್ರತಿ ಇರುವ ಪುಸ್ತಕ, ಪತ್ರಿಕೆಗಳನ್ನು ಇಲ್ಲದವರಿಗೆ ದಾಟಿಸುವುದು ಅವರ ಮೊದಲ ಕೆಲಸಗಳಲ್ಲಿ ಒಂದು. ಓದಿ ಸಮಾಧಾನ ಆಯಿತು. ನೂರು ವರ್ಷ ತಡವಾದರೂ ನಮ್ಮದು ಅದೇ ದಾರಿ.

1997ರಲ್ಲಿ, ವೈದ್ಯಕೀಯ ಲೇಖನಗಳನ್ನು ಹುಡುಕುವ ಅಮೆರಿಕದ ಆನ್‌ಲೈನ್ ಸೂಚಿ ಪಬ್‌ಮೆಡ್ ಎಲ್ಲರಿಗೂ ಉಚಿತವಾಗಿ ತೆರೆಯಿತು. ಅಲ್ಲಿಯವರೆಗೆ, ಯಾವ ಲೇಖನ ಎಲ್ಲಿ ಬಂದಿದೆ ಅಂತ ಹೇಳುವ ಅಚ್ಚಿನ ಸೂಚಿ ಇಂಡೆಕ್ಸ್ ಮೆಡಿಕಸ್‌ನ ದಪ್ಪ ಸಂಪುಟಗಳ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬೆರಳಿಟ್ಟು ಹುಡುಕುತ್ತಿದ್ದೆವು. ಅನುಕೂಲಸ್ಥ ಕಾಲೇಜುಗಳಲ್ಲಿ ಅದರ ಕಂಪ್ಯೂಟರ್ ರೂಪವಾದ ಮೆಡ್‌ಲೈನ್‌ನ ಸೀಡಿ ಇತ್ತು, ಬೀಗ ಹಾಕಿದ ರೂಮಿನಲ್ಲಿ. ಪಬ್‌ಮೆಡ್ ಬಂದರೂ ನಮಗೆ ತಕ್ಷಣ ಏನೂ ಆಗಲಿಲ್ಲ. ಡಯಲ್ ಮಾಡಿ ಇಂಟರ್ನೆಟ್ ಹಿಡಿಯುವ ಹೊತ್ತಿಗೆ ಹುಬ್ಬಳ್ಳಿ ಬಸ್ಸೇ ಬಂದುಬಿಡುತ್ತಿತ್ತು. ನಿಜವಾದ ಬದಲಾವಣೆ ಬಂದಿದ್ದು 2003ರಲ್ಲಿ. 1996ರಲ್ಲಿ ಶುರುವಾಗಿದ್ದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹೆಲಿನೆಟ್ ಅನ್ನುವ ಒಕ್ಕೂಟ ಮಾಡಿತು. ಕಾಲೇಜುಗಳು ಪಾಲು ಕಟ್ಟಬೇಕು, ಎಲ್ಲರಿಗೂ ಸೇರಿ ವಿಶ್ವವಿದ್ಯಾಲಯವೇ ಇ-ಜರ್ನಲ್ ಕೊಳ್ಳುತ್ತದೆ. ನಾವು ಹತ್ತಾರು ವರ್ಷ ಕೈಯಲ್ಲಿ ಬರೆದು ತಿದ್ದಿದ್ದ ಜಂಟಿ ಪಟ್ಟಿ ಒಂದೇ ವರ್ಷದಲ್ಲಿ ರದ್ದಿ ಆಯಿತು. 2007ರಲ್ಲಿ, ಚಿಕಿತ್ಸೆಗಳ ಬಗ್ಗೆ ನಡೆದ ಸಂಶೋಧನೆಗಳನ್ನು ತೂಗಿ ನೋಡಿದ ವರದಿಗಳ ಸಂಗ್ರಹ ಕೊಕ್ರೇನ್ ಲೈಬ್ರರಿಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಇಡೀ ದೇಶಕ್ಕೇ ತೆರೆಸಿತು.

ನಮಗೆಲ್ಲ ಖುಷಿಯೇ. ಆದರೆ ಕೆಂಪು ರಿಜಿಸ್ಟರ್ ನೋಡಿದರೆ ಹೊಟ್ಟೆ ಚುರ್ ಅನ್ನುತ್ತಿತ್ತು. ವರ್ಷಕ್ಕೆ ಹತ್ತಾರು ಪುಟ ತುಂಬುತ್ತಿದ್ದದ್ದು ಎರಡು ಪುಟಕ್ಕೆ ಇಳಿಯಿತು, ಆಮೇಲೆ ಒಂದಕ್ಕೆ. 2009ರ ವಾರ್ಷಿಕ ಸಭೆಗೆ ಬಂದವರು ಏಳು ಜನ. ಅದರಲ್ಲಿ ಇಬ್ಬರು ರಿಟೈರ್ ಆದವರು, ಊಟಕ್ಕೆ ಅಂತಲೇ ಬಂದಿದ್ದರು, ಅವರೇ ಹೇಳಿದರು. ಅಕೌಂಟಿನಲ್ಲಿ 11 ಸಾವಿರ ಚಿಲ್ಲರೆ ಇತ್ತು. ‘ಇನ್ನು ಸಂಘ ಯಾಕೆ? ಒಂದು ಒಳ್ಳೆ ಊಟ ಹಾಕಿಸಿ ಮುಗಿಸೋಣ’ ಅಂತ ಒಬ್ಬರು ಅಂದರು. ಯಾರೂ ಬೇಡ ಅನ್ನಲಿಲ್ಲ. ಸಂಘ ಉಳಿದಿದ್ದು ಯಾರದೋ ದೂರದೃಷ್ಟಿಯಿಂದ ಅಂತ ಬರೆಯಲು ನನಗೂ ಆಸೆ. ನಿಜ ಏನು ಅಂದರೆ, 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಸಂಘ ಮುಚ್ಚುವುದಕ್ಕೂ ಠರಾವು ಮಾಡಬೇಕು, ಕಾಗದಪತ್ರ ಹಿಡಿದು ಆಫೀಸಿಗೆ ಅಲೆಯಬೇಕು. ಅಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಕಾರ್ಯದರ್ಶಿ ಜಾಗ ನನ್ನ ತಲೆಗೆ ಕಟ್ಟಿ ಎಲ್ಲರೂ ಬಸ್ ಹತ್ತಿದರು.

ಆಮೇಲಿನ ಐದಾರು ವರ್ಷದ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಒಂದು ಕೆಲಸ ಮಾತ್ರ ನೆನಪಿದೆ. ಒಕ್ಕೂಟದಲ್ಲಿ ಸಿಗದ ಒಂದು ಡೇಟಾಬೇಸನ್ನು ಮಾರಲು ಏಜೆಂಟರೊಬ್ಬರು ಬಂದರು. ‘ಮೇಡಂ, ನಿಮಗೆ ಅಂತ ಸ್ಪೆಷಲ್ ರೇಟ್, ಬೇರೆಯವರಿಗೆ ಹೇಳಬೇಡಿ’ ಅಂದರು. ನಾನು ಆ ಸಂಜೆಯೇ ನಾಲ್ಕು ಜನರಿಗೆ ಫೋನ್ ಮಾಡಿ ಕೇಳಿದೆ. ನಾಲ್ವರಿಗೂ ಸ್ಪೆಷಲ್ ರೇಟೇ, ನಾಲ್ಕೂ ಬೇರೆ ಬೇರೆ. ನಮ್ಮದೇ ಎಲ್ಲರಿಗಿಂತ ದುಬಾರಿ! ಮುಂದಿನ ವರ್ಷ ನಾವೆಲ್ಲ ನಮ್ಮ ಕೊಟೇಶನ್‌ಗಳನ್ನು ಒಂದು ಹಾಳೆಯಲ್ಲಿ ಪಕ್ಕಪಕ್ಕ ಬರೆದು ಮೇಜಿನ ಮೇಲೆ ಇಟ್ಟುಕೊಂಡೇ ಆ ಮಹಾಶಯರ ಜೊತೆ ಮಾತಾಡಿದೆವು. ರೇಟು ಇಳಿಯಿತು. ಪೇಪರ್ ಹಂಚಿಕೊಳ್ಳುವ ಸಂಘ ಸುದ್ದಿ ಹಂಚಿಕೊಳ್ಳುವ ಸಂಘ ಆಗಿದ್ದು ಬಹುಶಃ ಅವತ್ತೇ. ನಮಗೆ ಅದು ಆಗ ಹೊಳೆದಿರಲಿಲ್ಲ.

2015ರಲ್ಲಿ ಭಾರತೀಯ ವೈದ್ಯಕೀಯ ಮಂಡಳಿ ಒಂದು ಸುತ್ತೋಲೆ ಹೊರಡಿಸಿತು. ಮೇಷ್ಟ್ರುಗಳಿಗೆ ಬಡ್ತಿ ಬೇಕಾದರೆ ಪೇಪರ್ ಬರೆದಿರಬೇಕು, ಅದು ಇಂತಿಂಥ ಸೂಚಿಗಳಲ್ಲಿ ಇರುವ ಜರ್ನಲ್‌ನಲ್ಲೇ ಬಂದಿರಬೇಕು ಅಂತ. ಆ ಪಟ್ಟಿಯಲ್ಲಿ ಸ್ಕೋಪಸ್, ಪಬ್‌ಮೆಡ್, ಮೆಡ್‌ಲೈನ್ ಜೊತೆಗೆ ಇಂಡೆಕ್ಸ್ ಮೆಡಿಕಸ್ ಹೆಸರೂ ಇತ್ತು. ಇಂಡೆಕ್ಸ್ ಮೆಡಿಕಸ್ ಅಚ್ಚಾಗುವುದು 2004ಕ್ಕೇ ನಿಂತಿತ್ತು! ಹನ್ನೊಂದು ವರ್ಷದ ಹಿಂದೆ ತೀರಿಕೊಂಡವರಿಂದ ಸಹಿ ಹಾಕಿಸಿಕೊಂಡು ಬಾ ಅಂದ ಹಾಗೆ. ನಾವು ಲೈಬ್ರರಿಯವರು ತುಂಬಾ ದಿನ ನಕ್ಕೆವು. ಮೇಷ್ಟ್ರುಗಳು ನಗಲಿಲ್ಲ, ಅವರಿಗೆ ಬಡ್ತಿಯ ಚಿಂತೆ.

ಅಲ್ಲಿಯವರೆಗೆ ಲೈಬ್ರರಿ ಮೆಟ್ಟಿಲು ಹತ್ತದಿದ್ದ ಪ್ರೊಫೆಸರುಗಳೆಲ್ಲ ಬಂದು, ‘ಮೇಡಂ, ಈ ಜರ್ನಲ್ ನಡೆಯುತ್ತಾ ನೋಡಿ’ ಅನ್ನತೊಡಗಿದರು. ಅವರ ಮೇಲ್‌ಬಾಕ್ಸಿನ ತುಂಬ ‘ಮಾನ್ಯ ವಿದ್ವಾಂಸರೇ, ನಿಮ್ಮ ಅಮೂಲ್ಯ ಲೇಖನ ಕಳಿಸಿ, ಹತ್ತು ದಿನದಲ್ಲಿ ಪ್ರಕಟಿಸುತ್ತೇವೆ’ ಅನ್ನುವ, ದುಡ್ಡು ಕೀಳುವ ಜರ್ನಲ್‌ಗಳ ಕಾಗದ. ಒಂದು ಲೇಖನ ಪಬ್‌ಮೆಡ್‌ನಲ್ಲಿ ಕಾಣಿಸಿತು ಅಂದ ಮಾತ್ರಕ್ಕೆ ಆ ಜರ್ನಲ್ ಆಯ್ದ ಜರ್ನಲ್‌ಗಳ ಸೂಚಿಯಾದ ಮೆಡ್‌ಲೈನ್‌ನಲ್ಲಿ ಇದೆ ಅಂತಲ್ಲ. ಪೂರ್ತಿ ಲೇಖನಗಳನ್ನು ಉಚಿತವಾಗಿ ಇಡುವ ಪಬ್‌ಮೆಡ್ ಸೆಂಟ್ರಲ್ ಅನ್ನುವ ಇನ್ನೊಂದು ಬಾಗಿಲಿನಿಂದಲೂ ಅದು ಒಳಗೆ ಬಂದಿರಬಹುದು. ಈ ವ್ಯತ್ಯಾಸ ಹೇಳಿ ಹೇಳಿ ನನ್ನ ಗಂಟಲು ಒಣಗಿತು.

ನಾನೂ ಒಮ್ಮೆ ಎಡವಿದೆ. ಒಬ್ಬ ಅಸೋಸಿಯೇಟ್ ಪ್ರೊಫೆಸರ್ ತಂದ ಜರ್ನಲ್‌ನ ಹೆಸರು, ಅದರ ಗುರುತಿನ ನಂಬರಾದ ಐಎಸ್‌ಎಸ್‌ಎನ್ ಎರಡನ್ನೂ ತಾಳೆ ನೋಡಿ ‘ಸರಿ ಇದೆ ಸರ್’ ಅಂದೆ. ಹೆಸರೂ ಅಸಲಿ, ನಂಬರೂ ಅಸಲಿ. ನಕಲಿ ಆಗಿದ್ದು ವೆಬ್‌ಸೈಟು. ಯಾರೋ ಒಳ್ಳೆಯ ಜರ್ನಲ್ ಒಂದರ ವೇಷ ಹಾಕಿಕೊಂಡು ಕೂತಿದ್ದರು. ಆ ಪ್ರೊಫೆಸರರ ದುಡ್ಡೂ ಹೋಯಿತು, ಲೇಖನವೂ ಹೋಯಿತು. ನನ್ನನ್ನು ಅವರು ಒಂದು ಮಾತೂ ಅನ್ನಲಿಲ್ಲ. ಅದೇ ಕಷ್ಟ ಆಗಿದ್ದು. ಮುಂದಿನ ಸಭೆಯಲ್ಲಿ ಇದನ್ನು ಎದ್ದು ನಿಂತು ಹೇಳಿದೆ. ಹೇಳುವಾಗ ನಾಚಿಕೆ ಆಗಿತ್ತು. ಆದರೆ ಹೇಳಿ ಮುಗಿಸಿದ ಮೇಲೆ ಇನ್ನೂ ಮೂವರು ತಮ್ಮ ತಮ್ಮ ಕಥೆ ಹೇಳಿದರು. ಎಷ್ಟೋ ವರ್ಷದ ಮೇಲೆ ಸಭೆ ಸಂಜೆ ಐದರ ತನಕ ನಡೆಯಿತು. ಅವತ್ತೇ ಒಂದು ಪುಟದ ಚೆಕ್ ಲಿಸ್ಟ್ ಮಾಡಿಕೊಂಡೆವು. ಅದರ ಮೊದಲ ಸಾಲು: ಮೇಲ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ, ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಕ್ಯಾಟಲಾಗಿನಿಂದಲೇ ಜರ್ನಲ್‌ನ ವಿಳಾಸ ಹಿಡಿಯಿರಿ.

ಈಗ ಸಂಘ ಮುಖ್ಯವಾಗಿ ಮಾಡುವ ಕೆಲಸಕ್ಕೆ ಬರುತ್ತೇನೆ. ನಾವು ಅದಕ್ಕೆ ‘ತಪಾಸಣೆ’ ಅಂತೀವಿ. ಒಬ್ಬರು ಮಾಡಿದ ಹುಡುಕಾಟವನ್ನು ಇನ್ನೊಬ್ಬರು ಬಿಚ್ಚಿ ನೋಡುವುದು. ಒಂದು ಉದಾಹರಣೆಯನ್ನೇ ಪೂರ್ತಿ ಹೇಳಿದರೆ ಅರ್ಥ ಆಗುತ್ತದೆ.

ನಮ್ಮ ಕಾಲೇಜಿನ ಕಮ್ಯುನಿಟಿ ಮೆಡಿಸಿನ್ ಪಿಜಿ ಹುಡುಗಿ ಒಬ್ಬಳು ಬಂದಳು. ಮಂಗನ ಕಾಯಿಲೆಯ ಲಸಿಕೆ ಬಗ್ಗೆ ಸಿಸ್ಟಮ್ಯಾಟಿಕ್ ರಿವ್ಯೂ, ಅಂದರೆ ಅದರ ಬಗ್ಗೆ ಬಂದ ಸಂಶೋಧನೆಯನ್ನೆಲ್ಲ ಹುಡುಕಿ ತೂಗಿ ನೋಡುವ ಕೆಲಸ, ಮಾಡಬೇಕು ಅಂತ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ರೋಗ, ನಮ್ಮದೇ ನೆಲದ್ದು. ಹಳೆಯ ಲಸಿಕೆ ಕೊಡುವುದು 2022ರಲ್ಲಿ ನಿಂತುಹೋಗಿದೆ. ಪ್ರಶ್ನೆ ಒಳ್ಳೆಯದೇ. ‘ಹುಡುಕಿದೆಯಾ?’ ಅಂದೆ. ‘ಹುಡುಕಿದೆ ಮೇಡಂ, ತುಂಬಾ ಬರ್ತಿದೆ’ ಅಂದಳು. ನೋಡಿದರೆ ‘ಮಂಕಿ ಡಿಸೀಸ್ ವ್ಯಾಕ್ಸಿನ್’ ಅಂತ ಹಾಕಿದ್ದಾಳೆ. ಪ್ರಪಂಚದ ಲ್ಯಾಬುಗಳಲ್ಲಿ ಕೋತಿಗಳ ಮೇಲೆ ನಡೆದ ಪ್ರಯೋಗಗಳೆಲ್ಲ ಬಂದು ಕೂತಿವೆ. ಸರಿ, ಕ್ಯಾಸನೂರು ಫಾರೆಸ್ಟ್ ಡಿಸೀಸ್‌ನ ಹ್ರಸ್ವ ‘ಕೆಎಫ್‌ಡಿ’ ಹಾಕು ಅಂದೆ. ಕೋತಿಗಳು ಹೋದವು, ಬದಲಿಗೆ ಕುತ್ತಿಗೆ ಗಂಟುಗಳ ಬಯಾಪ್ಸಿ ವರದಿಗಳು ಬಂದವು. ಹುಡುಗಿ ಕಕ್ಕಾಬಿಕ್ಕಿ. ನೋಡಿದರೆ ಜಪಾನಿನಲ್ಲಿ ಮೊದಲು ವರ್ಣಿಸಿದ ಕಿಕುಚಿ-ಫುಜಿಮೊಟೊ ಡಿಸೀಸ್ ಅಂತ ಒಂದಿದೆ, ಅದಕ್ಕೂ ಕೆಎಫ್‌ಡಿ ಅಂತಲೇ ಹ್ರಸ್ವ. ಕಂಪ್ಯೂಟರಿಗೆ ಸೊರಬ ಯಾವುದು, ಜಪಾನ್ ಯಾವುದು?

ಆಮೇಲೆ ಇಬ್ಬರೂ ಕೂತೆವು. ಮೆಶ್ ಅಂತ ಒಂದು ಪದಕೋಶ ಇದೆ. ಲೇಖಕ ಏನೇ ಬರೆದಿರಲಿ, ಸೂಚಿ ಮಾಡುವಾಗ ಒಂದು ವಿಷಯಕ್ಕೆ ಒಂದೇ ಗೊತ್ತುಪಡಿಸಿದ ಪದ ಹಾಕುತ್ತಾರೆ. ಅದರಲ್ಲಿ ಕ್ಯಾಸನೂರು ಫಾರೆಸ್ಟ್ ಡಿಸೀಸ್ ಅಂತ ಇದೆ. ಈ ಪದ ಯಾಕೆ ಬೇಕು ಅಂದರೆ, ಐವತ್ತು ಅರವತ್ತರ ದಶಕದ ಹಳೆಯ ಪೇಪರುಗಳಲ್ಲಿ ಬಹಳಷ್ಟಕ್ಕೆ ಪಬ್‌ಮೆಡ್‌ನಲ್ಲಿ ಸಾರಾಂಶ ಇರುವುದಿಲ್ಲ, ಬರೀ ಶೀರ್ಷಿಕೆ. ಶೀರ್ಷಿಕೆಯಲ್ಲಿ ‘ವ್ಯಾಕ್ಸಿನ್’ ಅನ್ನುವ ಮಾತು ಇಲ್ಲದಿದ್ದರೆ ಮೆಶ್ ಇಲ್ಲದೆ ಅದು ಕೈಗೆ ಸಿಗಲ್ಲ. ಹಾಗಂತ ಮೆಶ್ ಒಂದನ್ನೇ ನಂಬಿದರೆ, ಮೆಶ್ ಪದ ಇನ್ನೂ ಹಾಕದ ಹೊಸ ಪೇಪರು ತಪ್ಪುತ್ತದೆ. ಆದ್ದರಿಂದ ಮೆಶ್ ಪದ, ಲೇಖಕರು ಬರೆಯುವ ಸಾಮಾನ್ಯ ಪದ ಎರಡೂ ಬೇಕು. ರೋಗದ ಪದಗಳ ಬುಟ್ಟಿ ಒಂದು, ಲಸಿಕೆಯ ಪದಗಳ ಬುಟ್ಟಿ ಇನ್ನೊಂದು. ಬುಟ್ಟಿಯ ಒಳಗೆ ‘ಅಥವಾ’, ಬುಟ್ಟಿಗಳ ನಡುವೆ ‘ಮತ್ತು’. ಕಂಸ ಮರೆಯಬಾರದು, ಯಾಕೆಂದರೆ ಪಬ್‌ಮೆಡ್ ಎಡದಿಂದ ಬಲಕ್ಕೆ ಸುಮ್ನೆ ಓದಿಕೊಂಡು ಹೋಗುತ್ತದೆ, ನಮ್ಮ ಮನಸ್ಸಿನಲ್ಲಿ ಏನಿದೆ ಅಂತ ಅದಕ್ಕೆ ಬೇಕಿಲ್ಲ.

ಜಪಾನಿನ ರೋಗ ಬರದ ಹಾಗೆ ನಾನು ಕೊನೆಗೆ ‘ಕಿಕುಚಿ ಬೇಡ’ ಅಂತ ಸೇರಿಸಿದೆ. ‘ಮನುಷ್ಯರ ಮೇಲಿನದು ಮಾತ್ರ’ ಅನ್ನುವ ಫಿಲ್ಟರ್ ಹಾಕಿದೆ. ಪಟ್ಟಿ ಅಚ್ಚುಕಟ್ಟಾಗಿ ಕಂಡಿತು. ನನಗೇ ಹೆಮ್ಮೆ. ಸಂಘದ ನಿಯಮದಂತೆ ತಪಾಸಣೆಗೆ ಕಳಿಸಿದೆ.

ತಪಾಸಣೆ ಮಾಡಿದ್ದು ಒಂದು ನರ್ಸಿಂಗ್ ಕಾಲೇಜಿನ ಗ್ರಂಥಪಾಲಕಿ. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಅವಳ ಲೈಬ್ರರಿಗೆ ಅವಳೊಬ್ಬಳೇ ಸಿಬ್ಬಂದಿ. ಮಧ್ಯಾಹ್ನ ಊಟಕ್ಕೆ ಹೋಗಬೇಕಾದರೂ ಬಾಗಿಲು ಹಾಕಬೇಕು. ಎರಡು ದಿನಕ್ಕೆ ಉತ್ತರ ಬಂತು. ‘ಮೇಡಂ, ತಪ್ಪು ತಿಳಿಬೇಡಿ. ಹ್ಯೂಮನ್ಸ್ ಫಿಲ್ಟರ್ ಯಾಕೆ ಹಾಕಿದ್ರಿ? ಅದು ಮೆಶ್ ಹಾಕಿದ ದಾಖಲೆಗಳನ್ನ ಮಾತ್ರ ಉಳಿಸುತ್ತೆ ಅಲ್ವಾ? ಪಬ್‌ಮೆಡ್ ಸೆಂಟ್ರಲ್ ಮೂಲಕ ಬಂದ ನಮ್ಮ ದೇಶದ ಎಷ್ಟೋ ಜರ್ನಲ್‌ಗಳ ಪೇಪರ್‌ಗೆ ಮೆಶ್ಶೇ ಇರಲ್ಲ. ಕಿಕುಚಿ ಬೇಡ ಅಂದರೆ ಎರಡೂ ರೋಗದ ಹೆಸರು ಇರೋ ಪೇಪರೂ ಹೋಗುತ್ತೆ. ಅದರ ಬದಲು ಕೆಎಫ್‌ಡಿ ಪಕ್ಕ ವೈರಸ್, ರೋಗ ಹರಡೋ ಉಣ್ಣೆ ಹುಳ, ಕರ್ನಾಟಕ ಇವುಗಳಲ್ಲಿ ಒಂದಾದರೂ ಇರಲಿ ಅಂತ ಹಾಕಬಹುದಾ?’

ಫಿಲ್ಟರ್ ತೆಗೆದು ನೋಡಿದೆ. ಬಿಟ್ಟುಹೋಗಿದ್ದ ಪೇಪರುಗಳು ಒಂದೊಂದಾಗಿ ಮೇಲೆ ಬಂದವು. ಅದರಲ್ಲಿ ಎರಡಂತೂ ಹುಡುಗಿಗೆ ಬೇಕೇ ಬೇಕಾಗಿದ್ದವು. ಮೂವತ್ತು ವರ್ಷದ ಸರ್ವೀಸು ನನ್ನದು. ಸ್ವಲ್ಪ ಹೊತ್ತು ಸುಮ್ಮನೆ ಸ್ಕ್ರೀನ್ ನೋಡುತ್ತಾ ಕೂತಿದ್ದೆ. ಆಮೇಲೆ ಅವಳಿಗೆ ಫೋನ್ ಮಾಡಿ ‘ನಿನ್ನ ಊಟ ಆಯ್ತಾ?’ ಅಂತ ಕೇಳಿದೆ. ಬೇರೆ ಏನು ಹೇಳಬೇಕೋ ತೋಚಲಿಲ್ಲ.

ಈ ತಪಾಸಣೆ ನಾವು ಕಂಡುಹಿಡಿದದ್ದಲ್ಲ. ಪ್ರೆಸ್ ಅಂತ ಒಂದು ಮಾರ್ಗಸೂಚಿ ಇದೆ, 2015ರದ್ದು. ಪ್ರಶ್ನೆ ಸರಿಯಾಗಿ ಹುಡುಕಾಟಕ್ಕೆ ಇಳಿದಿದೆಯಾ, ಅಥವಾ-ಮತ್ತು ಸರಿ ಇದೆಯಾ, ವಿಷಯ ಪದ, ಸಾಮಾನ್ಯ ಪದ, ಕಾಗುಣಿತ, ಫಿಲ್ಟರ್ ಹೀಗೆ ಆರು ಕಡೆ ನೋಡು ಅನ್ನುತ್ತದೆ. ಅದನ್ನು ಒಂದು ಹಾಳೆಗೆ ಇಳಿಸಿಕೊಂಡೆವು, ಕನ್ನಡ ಇಂಗ್ಲಿಷ್ ಕಲಸಿ. ಕಟ್ಟಳೆಗಳನ್ನು ಮಾತ್ರ ಪೆಟ್ಟು ತಿಂದು ತಿಂದು ನಾವೇ ಮಾಡಿಕೊಂಡೆವು. ತಪಾಸಣೆ ಮಾಡುವವರು ಬೇರೆ ಕಾಲೇಜಿನವರೇ ಆಗಿರಬೇಕು, ಒಂದೇ ಕಾಲೇಜಾದರೆ ದಾಕ್ಷಿಣ್ಯ ಅಡ್ಡ ಬರುತ್ತದೆ. ಮೂರು ದಿನದೊಳಗೆ ಉತ್ತರ ಕೊಡಬೇಕು. ತಪ್ಪನ್ನು ತೋರಿಸಬೇಕು, ತಿದ್ದಿ ಕೊಡಬಾರದು. ತಿದ್ದಿ ಕೊಟ್ಟರೆ ಮುಂದಿನ ಸಲವೂ ಅದೇ ತಪ್ಪು ಬರುತ್ತದೆ, ಶುರುವಿನ ಆರು ತಿಂಗಳಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇವೆ. ಇನ್ನೊಂದು, ಮೊದಲ ವರ್ಷದವರೂ ಹಿರಿಯರದನ್ನು ತಪಾಸಣೆ ಮಾಡಲೇಬೇಕು. ಇದಕ್ಕೆ ಇಬ್ಬರು ಹಿರಿಯರು ಮುನಿಸಿಕೊಂಡು ಸಂಘ ಬಿಟ್ಟರು. ಒಬ್ಬರು ಆಮೇಲೆ ವಾಪಸ್ ಬಂದರು.

ನಮ್ಮ ಓದಿನಲ್ಲಿ ಇದನ್ನೆಲ್ಲ ಯಾರೂ ಹೇಳಿಕೊಟ್ಟಿರಲಿಲ್ಲ. ಪುಸ್ತಕ ವಿಂಗಡಿಸುವ ರಂಗನಾಥನ್ ಅವರ ಕೋಲನ್ ಕ್ಲಾಸಿಫಿಕೇಶನ್ ಬಿಡಿಸುವುದು ಕಲಿತಿದ್ದೆವು, ಮೆಶ್ ಮರದ ಕೊಂಬೆ ಹತ್ತುವುದನ್ನಲ್ಲ. ತಿಂಗಳ ಎರಡನೇ ಶನಿವಾರ ಆನ್‌ಲೈನಲ್ಲಿ ಸೇರಿ ಒಬ್ಬರಿಗೊಬ್ಬರು ಕಲಿಸಿಕೊಂಡೆವು. ಆನ್‌ಲೈನ್ ಆಗಿದ್ದರಿಂದಲೇ ಸಣ್ಣ ಊರಿನ ನರ್ಸಿಂಗ್, ಫಾರ್ಮಸಿ, ಆಯುರ್ವೇದ ಕಾಲೇಜಿನವರು ಬಂದರು. ಮುಂಚೆ ಅವರ ಹತ್ತಿರ ಕೊಡಲು ಜರ್ನಲ್ ಇರಲಿಲ್ಲ ಅಂತ ನಾವು ಅವರನ್ನು ಕರೆದೇ ಇರಲಿಲ್ಲ. ಇದನ್ನು ಬರೆಯುವಾಗ ಸ್ವಲ್ಪ ಮುಜುಗರ ಆಗುತ್ತಿದೆ. ಅಶ್ವಗಂಧ ಹುಡುಕುವಾಗ ಅದರ ವೈಜ್ಞಾನಿಕ ಹೆಸರು ವಿಥಾನಿಯಾ ಅಂತಲೂ ಹಾಕಬೇಕು ಅಂತ ನನಗೆ ಹೇಳಿಕೊಟ್ಟಿದ್ದು ಆಯುರ್ವೇದ ಕಾಲೇಜಿನವರೇ.

ಕೊರೊನಾ ಸಮಯದಲ್ಲಿ ಈ ಅಭ್ಯಾಸ ಕೈಹಿಡಿಯಿತು. ವಾಟ್ಸಾಪ್ ಗುಂಪಿನಲ್ಲಿ ಡಾಕ್ಟರುಗಳ ಪ್ರಶ್ನೆಗಳನ್ನು ಹಾಕುತ್ತಿದ್ದೆವು, ಯಾರಿಗೆ ಬಿಡುವಿದೆಯೋ ಅವರು ಹುಡುಕುತ್ತಿದ್ದರು. ಹೈಡ್ರಾಕ್ಸಿಕ್ಲೋರೋಕ್ವಿನ್ ಬಗ್ಗೆ 2020ರ ಮೇ 22ಕ್ಕೆ ಹೆಸರಾಂತ ಜರ್ನಲ್ ಲ್ಯಾನ್ಸೆಟ್‌ನಲ್ಲಿ ಒಂದು ದೊಡ್ಡ ಪೇಪರ್ ಬಂತು, 96 ಸಾವಿರ ರೋಗಿಗಳ ಲೆಕ್ಕ. ಜೂನ್ 4ಕ್ಕೆ ವಾಪಸ್ ತೆಗೆದುಕೊಂಡರು. ಅಷ್ಟರಲ್ಲಿ ನಾನು ಅದನ್ನು ಐದು ಜನ ಡಾಕ್ಟರಿಗೆ ಕಳಿಸಿ ಆಗಿತ್ತು. ಐವರಿಗೂ ಒಬ್ಬೊಬ್ಬರಾಗಿ ಫೋನ್ ಮಾಡಿ ‘ಸರ್, ಅದನ್ನ ನಂಬಬೇಡಿ’ ಅಂದೆ. ಕಳಿಸಿದ ಪೇಪರನ್ನು ಬೆನ್ನಟ್ಟಿ ಹೋಗುವುದೂ ನಮ್ಮ ಕೆಲಸ ಅಂತ ಅದಕ್ಕೆ ಮುಂಚೆ ನನಗೆ ಅನಿಸಿರಲಿಲ್ಲ. ಕಂಡಕ್ಟರ್ ಕವರ್ ಕೊಟ್ಟ ಅಂದರೆ ಅಲ್ಲಿಗೆ ಮುಗಿಯುತ್ತಿತ್ತು.

ಈಗಿನ ತಲೆನೋವು ಇನ್ನೊಂದು. ಹೊಸ ಪಿಜಿಗಳಿಗೆ ಆರು ತಿಂಗಳೊಳಗೆ ಥೀಸಿಸ್‌ನ ಸಿನಾಪ್ಸಿಸ್ ಕೊಡಬೇಕು. ಆ ಸೀಸನ್ನಿನಲ್ಲಿ ಚಾಟ್‌ಜಿಪಿಟಿ ಬರೆದುಕೊಟ್ಟ ರೆಫರೆನ್ಸ್ ಹಿಡಿದು ಬರುತ್ತಾರೆ. ಹೋದ ವರ್ಷ ಒಬ್ಬ ಹುಡುಗ ಹನ್ನೆರಡು ತಂದಿದ್ದ. ಲೇಖಕರ ಹೆಸರು, ಜರ್ನಲ್, ವರ್ಷ, ಸಂಪುಟ, ಪುಟ ಎಲ್ಲ ಲಕ್ಷಣವಾಗಿತ್ತು. ‘ಮೇಡಂ, ಇದೊಂದರ ಪಿಡಿಎಫ್ ಸಿಗ್ತಿಲ್ಲ’ ಅಂದ. ಹಳೆಯ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನದು. ನನಗೆ ಅನುಮಾನ ಬಂತು. ಅವನನ್ನು ಕರೆದುಕೊಂಡು ಕೆಳಗಿನ ಸ್ಟ್ಯಾಕ್ ರೂಮಿಗೆ ಹೋದೆ. ಬೈಂಡ್ ಮಾಡಿದ ಸಂಪುಟ ತೆಗೆದು, ಧೂಳು ಹೊಡೆದು, ಆ ಪುಟ ಬಿಡಿಸಿ ಅವನ ಮುಂದೆ ಇಟ್ಟೆ. ಬೇರೆಯೇ ಲೇಖನ, ಬೇರೆಯೇ ಲೇಖಕರು. ಅವನು ಪುಟ ತಿರುಗಿಸಿ ಹಿಂದೆ ನೋಡಿದ, ಮುಂದೆ ನೋಡಿದ. ‘ಅಷ್ಟು ಕರೆಕ್ಟಾಗಿ ಹೇಳಿತ್ತಲ್ಲ ಮೇಡಂ’ ಅಂದ. ಹನ್ನೆರಡರಲ್ಲಿ ಐದು ಇರಲೇ ಇಲ್ಲ.

ಆ ಬೈಂಡ್ ಸಂಪುಟಗಳನ್ನು ಜಾಗ ಇಲ್ಲ ಅಂತ ರದ್ದಿಗೆ ಹಾಕಲು ಎರಡು ಸಲ ಆದೇಶ ಬಂದಿತ್ತು. ಎರಡು ಸಲವೂ ಫೈಲನ್ನು ಮರೆತ ಹಾಗೆ ನಾಟಕ ಮಾಡಿದ್ದೆ. ಈಗ ಸಂಘದಲ್ಲಿ ಯಾರಲ್ಲಿ ಯಾವ ಹಳೆಯ ಸಂಪುಟ ಉಳಿದಿದೆ ಅಂತ ಮತ್ತೆ ಪಟ್ಟಿ ಮಾಡುತ್ತಿದ್ದೇವೆ. ಹೌದು, ಅದೇ ಜಂಟಿ ಪಟ್ಟಿ. ಆಗ ಪೇಪರ್ ಸಿಗಲಿ ಅಂತ ಮಾಡಿದ್ದೆವು, ಈಗ ಅಂಥ ಪೇಪರ್ ಇಲ್ಲ ಅಂತ ತೋರಿಸಲು.

2025ರ ಜನವರಿಯಿಂದ ಕೇಂದ್ರ ಸರ್ಕಾರವೇ ಜರ್ನಲ್‌ಗಳನ್ನು ಒಟ್ಟಿಗೆ ಕೊಳ್ಳುವ ‘ಒಂದು ದೇಶ ಒಂದು ಚಂದಾ’ ಯೋಜನೆ ಶುರುವಾಯಿತಲ್ಲ, ಅದು ಸಂಘವನ್ನು ಮತ್ತೆ ಅಲುಗಾಡಿಸಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಇ-ಜರ್ನಲ್. ದೊಡ್ಡ ಕೆಲಸ, ಎರಡು ಮಾತಿಲ್ಲ. ಆದರೆ ಸದ್ಯಕ್ಕೆ ಅದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ಎಷ್ಟಿವೆ ಅಂತ ಹೇಳಬೇಕಿಲ್ಲ. ಸಂಘದ ಒಂದೇ ಸಭೆಯಲ್ಲಿ ಈಗ ಎರಡು ಪಂಕ್ತಿ. ನಮಗೆ ಹೆಲಿನೆಟ್ ಇದೆ, ಅದರಲ್ಲಿ ಇಲ್ಲದ್ದು ಸರ್ಕಾರಿ ಕಾಲೇಜಿನ ಗೆಳತಿಯ ಕಂಪ್ಯೂಟರಿನಲ್ಲಿ ಒಂದು ಕ್ಲಿಕ್ಕಿಗೆ ತೆರೆಯುತ್ತದೆ. 1994ರಲ್ಲಾದರೆ ಅವಳು ಜೆರಾಕ್ಸ್ ಮಾಡಿ ಬಸ್ಸಿಗೆ ಹಾಕುತ್ತಿದ್ದಳು. ಈಗ ಕಳಿಸಲು ಅರ್ಧ ನಿಮಿಷವೂ ಬೇಡ, ಆದರೆ ಕಳಿಸುವ ಹಾಗಿಲ್ಲ, ಲೈಸೆನ್ಸ್ ಒಪ್ಪುವುದಿಲ್ಲ. ಸಭೆಯಲ್ಲಿ ಇದರ ಬಗ್ಗೆ ಜೋರು ಜಗಳವೇ ಆಯಿತು. ‘ಒಂದು ಪೇಪರ್ ತಾನೇ, ಯಾರು ನೋಡ್ತಾರೆ’ ಅಂದವರೂ ಇದ್ದರು. ನಾನು ಬೇಡ ಅಂದೆ. ಗೆಳತಿಯ ಕೆಲಸಕ್ಕೆ ಕುತ್ತು ಬಂದರೆ ಸಂಘ ಬಂದು ನಿಲ್ಲುತ್ತದಾ?

ಹಾಗಾಗಿ ಈಗ ಬೇರೆ ದಾರಿ ಹಿಡಿದಿದ್ದೇವೆ. ಮೊದಲು ಪಬ್‌ಮೆಡ್ ಸೆಂಟ್ರಲ್, ಆಮೇಲೆ ಲೇಖಕರು ತಾವೇ ಎಲ್ಲಾದರೂ ಮುಕ್ತವಾಗಿ ಹಾಕಿದ್ದಾರಾ ಅಂತ ನೋಡುವುದು, ಅದೂ ಇಲ್ಲದಿದ್ದರೆ ಲೇಖಕರಿಗೇ ನಾಲ್ಕು ಸಾಲಿನ ಮೇಲ್. ಮೇಲ್ ಬರೆಯುವುದು ವಿದ್ಯಾರ್ಥಿಯ ಕೆಲಸ, ನಾವು ನೋಡಿ ತಿದ್ದುತ್ತೇವೆ. ಎಷ್ಟೋ ಜನ ಲೇಖಕರು ಖುಷಿಯಿಂದ ಕಳಿಸುತ್ತಾರೆ.

ಮಂಗನ ಕಾಯಿಲೆಯ ಹುಡುಗಿಗೆ ಕೊನೆಯದೊಂದು ಪೇಪರ್ ಹೀಗೇ ಸಿಕ್ಕಿತು, ನಾಲ್ಕನೇ ದಿನಕ್ಕೆ. ಕೆಂಪು ರಿಜಿಸ್ಟರ್ ಇನ್ನೂ ನನ್ನ ಬೀರುವಿನಲ್ಲೇ ಇದೆ. ಹಳೆಯ ಕಾಲಂಗಳ ಮೇಲೆಯೇ ಈಗ ತಪಾಸಣೆಗಳನ್ನು ಬರೆಯುತ್ತೇವೆ: ಯಾರು ಕೇಳಿದ್ದು, ಯಾವ ಹುಡುಕಾಟ, ಯಾರು ನೋಡಿದ್ದು, ಉತ್ತರ ತಲುಪಿದ ದಿನ. ಮುಂದಿನ ವರ್ಷ ನಾನು ರಿಟೈರ್. ರಿಜಿಸ್ಟರ್ ಯಾರಿಗೆ ಕೊಡುವುದು ಅಂತ ಹೋದ ಶನಿವಾರ ಮಾತು ಬಂತು. ನಾನು ನರ್ಸಿಂಗ್ ಕಾಲೇಜಿನ ಹುಡುಗಿಯ ಹೆಸರು ಹೇಳಿದೆ. ‘ಅಯ್ಯೋ ಮೇಡಂ, ನಮ್ಮಲ್ಲಿ ಬೀರುನೇ ಇಲ್ಲ’ ಅಂದಳು. ಅಕೌಂಟಿನಲ್ಲಿ ಇನ್ನೂ ದುಡ್ಡಿದೆ, ಒಂದು ಬೀರು ಕೊಡಿಸೋಣ ಅಂತ ಠರಾವು ಮಾಡಿದ್ದೇವೆ.